ಹನ್ನೊಂದನೇ ಸಾಲಿನ ಕಿರುಬೆರಳು

ಫೆಬ್ರವರಿ 3

ಮಗಳಿಗೆ,

ಕ್ಷೇಮವೇ ಎಂದು ಕೇಳಿ, ಕ್ಷೇಮವೆಂದು ಉತ್ತರ ಬರೆಸಿಕೊಳ್ಳುವ ಆಟ ನಮ್ಮಿಬ್ಬರಿಗೂ ಬೇಡ. ವಿಷಯಕ್ಕೆ ಬರುತ್ತೇನೆ.

ನಿಮ್ಮ ಸಂಗೀತ ಶಾಲೆಯಿಂದ ಕಾಗದ ಬಂದಿದೆ. ಮೂವತ್ತೈದು ವರ್ಷ ಅಲ್ಲಿ ಪಿಟೀಲು ಕಲಿಸಿದವನು ನಾನು. ಆದರೆ ಈಗ ನನ್ನ ಏಳನೇ ಕೋಣೆಯಲ್ಲಿ ನೀನು ಕೂತಿದ್ದೀಯ, ಆದ್ದರಿಂದ ನಿಮ್ಮ ಶಾಲೆ ಎನ್ನುತ್ತೇನೆ. ಮಾರ್ಚ್ ತಿಂಗಳಲ್ಲಿ ಮೇಲಿನ ತರಗತಿಗೆ ಮಕ್ಕಳನ್ನು ಆರಿಸುವ ಪರೀಕ್ಷೆಯಂತೆ. ನಾನು ಪರೀಕ್ಷಕನಾಗಿ ಬಂದು ಸಂದರ್ಭಕ್ಕೆ ಶೋಭೆ ತರಬೇಕಂತೆ. ನಾನೇನು ಹೂವಿನ ಕುಂಡವೇ? ಸಹಿ ಹಾಕಿರುವ ಪ್ರಿನ್ಸಿಪಾಲ ನನ್ನ ಶಿಷ್ಯನೇ. ಮೂರು ವರ್ಷ ನನ್ನ ಕೈಕೆಳಗಿದ್ದು ಒಂದು ತಂತಿಯನ್ನೂ ಶ್ರುತಿಗೆ ತರಲಾರದೆ ಆಡಳಿತಕ್ಕೆ ಹೋದ. ಅಲ್ಲಿ ಯಾರೂ ಶ್ರುತಿ ಕೇಳುವುದಿಲ್ಲ.

ನಗು ಬರುವ ಭಾಗ ಮುಂದಿದೆ. ಪರೀಕ್ಷಕರಿಗೂ ಮಕ್ಕಳಿಗೂ ನಡುವೆ ಪರದೆ ಕಟ್ಟುತ್ತಾರಂತೆ. ಯಾರ ಮಗ, ಯಾರ ಶಿಷ್ಯ ಎಂದು ತಿಳಿಯಬಾರದಂತೆ. ಹುಡುಗನೋ ಹುಡುಗಿಯೋ ಎಂದು ಹೆಜ್ಜೆ ಸದ್ದಿನಿಂದ ಗೊತ್ತಾಗಬಾರದೆಂದು ಮಕ್ಕಳು ಚಪ್ಪಲಿ ಬಿಚ್ಚಿ, ಕಾಲುಚೀಲದಲ್ಲಿ ಜಮಖಾನದ ಮೇಲೆ ನಡೆದು ಬರಬೇಕಂತೆ. ಹೆಸರಿಲ್ಲ, ಸಂಖ್ಯೆ ಮಾತ್ರ. ಬೆಕ್ಕುಗಳ ಮೆರವಣಿಗೆ ಎಂದುಕೊಂಡೆ. ಒಂದು ಮಗು ತಂತಿ ಬಿಗಿಯುವ ಸದ್ದು ಕೇಳಿದರೆ ಸಾಕು, ಅದರ ಮೇಷ್ಟ್ರು ಯಾರು, ಆ ಮೇಷ್ಟ್ರ ಸೋಮಾರಿತನ ಎಷ್ಟು ಎಂದು ಹೇಳಬಲ್ಲವನು ನಾನು. ನನಗೆ ಪರದೆ.

ಬರುತ್ತೇನೆ ಎಂದು ಬರೆದಿದ್ದೇನೆ. ನಿನ್ನ ಮಕ್ಕಳು ಯಾರಾದರೂ ಪರೀಕ್ಷೆಗೆ ಕೂರುತ್ತಿದ್ದರೆ ನನಗೆ ತಿಳಿಸಬೇಡ. ತಿಳಿಸಿದರೂ ಒಂದು ಅಂಕ ಹೆಚ್ಚು ಬೀಳುವುದಿಲ್ಲ. ನನ್ನನ್ನು ‘ಸಾಕು ಮೇಷ್ಟ್ರು’ ಎಂದು ಹಿಂದಿನಿಂದ ಕರೆಯುತ್ತಿದ್ದರಲ್ಲ, ಆ ಹೆಸರಿನ ಬಗ್ಗೆ ನನಗೇನೂ ಬೇಜಾರಿರಲಿಲ್ಲ. ಕೆಟ್ಟದ್ದನ್ನು ಕೊನೆಯವರೆಗೆ ಕೇಳುವುದು ದಯೆಯಲ್ಲ, ಕಿವಿಗೆ ಮಾಡುವ ದ್ರೋಹ.

ಅಪ್ಪ


ಫೆಬ್ರವರಿ 11

ಅಪ್ಪನಿಗೆ,

ನಿಮ್ಮ ಕಾಗದ ಬಂತು. ಎರಡು ವರ್ಷದ ಮೇಲೆ ಬಂದದ್ದು. ಹೋದ ಸಲ ಮನೆ ತೆರಿಗೆಯ ರಸೀದಿ ಕೇಳಲು ಬರೆದಿದ್ದಿರಿ.

ನನ್ನ ಒಂದು ಮಗು ಪರೀಕ್ಷೆಗೆ ಕೂರುತ್ತಿದೆ. ಅದಕ್ಕಿಂತ ಹೆಚ್ಚು ಹೇಳಬಾರದೆಂದು ನಿಯಮ, ಹೇಳುವುದೂ ಇಲ್ಲ. ಅಂದು ಶಿಕ್ಷಕರು ಪರೀಕ್ಷಕರ ಕಣ್ಣಿಗೂ ಬೀಳಬಾರದಂತೆ. ನೀವು ಬಂದು ಹೋಗುವವರೆಗೆ ನಾನು ಏಳನೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇರುತ್ತೇನೆ. ಹಾಕಿಕೊಂಡು ಎಂದರೆ ಸುಮ್ಮನೆ ಮಾತಿಗೆ. ಆ ಬಾಗಿಲು ನಿಮ್ಮ ಕಾಲದಲ್ಲಿ ಹೇಗೋ ಈಗಲೂ ಹಾಗೇ. ಮುಕ್ಕಾಲು ಭಾಗ ನಿಧಾನ ಬಂದು, ಆಮೇಲೆ ಧಡಾರನೆ ಬಡಿಯುತ್ತದೆ.

ನಿಮಗೆ ನಗು ಬೇಕಿದ್ದರೆ ನನ್ನ ಹತ್ತಿರವೂ ಒಂದಿದೆ. ಕಾರಿಡಾರಿನಲ್ಲಿ ನಿಮ್ಮ ಫೋಟೊ ಇನ್ನೂ ಇದೆ. ಪಿಟೀಲಿನ ಮೇಲೆ ಎಡಗೈ, ಕಿರುಬೆರಳು ಒಳಕ್ಕೆ ಬಾಗಿ ತಂತಿಯಿಂದ ದೂರ ನಿಂತಿದೆ. ಸಾಧನೆ ಮಾಡಿ ಮಾಡಿ ಬೆರಳೇ ಹೀಗೆ ಬಾಗಿತು ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದಿರಲ್ಲ, ಆ ಕತೆ ಈಗ ಶಾಲೆಯ ಸ್ವತ್ತು. ಹೋದ ವಾರ ಇಬ್ಬರು ಹುಡುಗರು ಕಿರುಬೆರಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಅಂಗೈಗೆ ಬಗ್ಗಿಸಿಕೊಂಡು ಕೂತಿದ್ದರು. ಬೆರಳು ಬಿಳಿಚಿಕೊಂಡಿತ್ತು. ಏನ್ರೋ ಇದು ಎಂದೆ. “ದೊಡ್ಡ ಮೇಷ್ಟ್ರ ಬೆರಳು ಬರಿಸ್ಕೊಳ್ತಿದೀವಿ ಮಿಸ್” ಎಂದರು.

ಯಾವ ಸ್ವರಕ್ಕೆ ಯಾವ ಬೆರಳು ಎಂದು ನೀವು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದ ಪುಸ್ತಕವೇ ಈಗಲೂ ಪಾಠ. ಜೆರಾಕ್ಸಿನ ಜೆರಾಕ್ಸ್ ಆಗಿ ಕೆಂಪೆಲ್ಲ ಬೂದಿಯಾಗಿದೆ. ಪರೀಕ್ಷೆಗೂ ನಲವತ್ತು ವರ್ಷದಿಂದ ಅದೇ ಒಂದು ರಚನೆ. ನನ್ನ ಕೊನೆಯ ಪರೀಕ್ಷೆಯಲ್ಲಿ ನುಡಿಸಿದ್ದೂ ಅದನ್ನೇ. ತುಂಬಿದ ಸಭೆಯಲ್ಲಿ ಹನ್ನೊಂದನೇ ಸಾಲಿಗೆ ನೀವು ‘ಸಾಕು’ ಎಂದಿರಿ. ಅದಾಗಿ ಹದಿನಾಲ್ಕು ವರ್ಷ. ನಾನು ವೇದಿಕೆ ಹತ್ತಿಲ್ಲ. ಯಾಕೆ ‘ಸಾಕು’ ಎಂದಿರಿ ಎಂದು ನಾನು ಕೇಳಿರಲಿಲ್ಲ. ಈಗಲೂ ಕೇಳುತ್ತಿಲ್ಲ.

ರೈಲು ನಿಲ್ದಾಣದ ಮೆಟ್ಟಿಲು ಒಡೆದಿದೆ, ನೋಡಿಕೊಂಡು ಇಳಿಯಿರಿ.

ಮಗಳು


ಮಾರ್ಚ್ 20

ಮಗಳಿಗೆ,

ಬಂದೆ, ಕೇಳಿದೆ, ಮಧ್ಯಾಹ್ನದ ರೈಲಿಗೆ ವಾಪಸಾದೆ. ನಿನ್ನ ಕೋಣೆಯ ಮುಂದೆ ಹಾಯ್ದಾಗ ಬಾಗಿಲು ಮುಚ್ಚಿತ್ತು.

ಹದಿನಾರು ಮಕ್ಕಳು, ಐದು ಸೀಟು. ನನ್ನ ಬಲಗಡೆ ಕೊಳಲಿನವರು. ಮೂರನೆಯ ಮಗುವಿನ ಹೊತ್ತಿಗೆ ನಿದ್ದೆ. ಎಡಗಡೆ ಪಿಯಾನೊ ಮೇಡಂ. ಪ್ರತಿಯೊಬ್ಬರಿಗೂ ಒಂದೊಂದು “ಅಯ್ಯೋ ಪಾಪ” ಎಂದು ಒಂದೊಂದು ಬಿಸ್ಕತ್ತು ತಿಂದರು. ಹದಿನಾರು ಪಾಪ, ಹದಿನಾರು ಬಿಸ್ಕತ್ತು. ಎರಡನೆಯ ಮಗು ಪಿಟೀಲಿಗೆ ಕ್ಷಮೆ ಕೇಳುತ್ತಿರುವಂತೆ ನುಡಿಸಿತು. ಆರನೆಯದು ಮನೆಗೆ ಹೋಗುವ ಅವಸರದಲ್ಲಿತ್ತು. ಹನ್ನೆರಡನೆಯದರ ತಂದೆತಾಯಿ ಯಾರೋ ಒಳ್ಳೆಯ ವಾದ್ಯ ಕೊಡಿಸಿದ್ದಾರೆ, ಅದರ ಮೇಲೆ ಏನು ನುಡಿಸಿದರೂ ಚೆಂದ ಎಂದು ಮಗುವಿಗೂ ಹೇಳಿಬಿಟ್ಟಿದ್ದಾರೆ.

ನಾಲ್ಕನೆಯ ಸಂಖ್ಯೆಯ ಮಾತು ಬರೆಯಲೇಬೇಕು. ಮೈಯೆಲ್ಲ ಉರಿಯಿತು. ಕಮಾನಿನ ಕೈ ಚೆನ್ನಾಗಿದೆ, ಶ್ರುತಿ ಶುದ್ಧ, ತಾಳ ಗಟ್ಟಿ. ಆದರೆ ಎಡಗೈ ಕುಂಟುತ್ತದೆ. ಮೇಲಿನ ಸ್ವರಕ್ಕೆ ಹೋಗಬೇಕಾದ ಕಡೆಯೆಲ್ಲ ಒದ್ದೆ ನೆಲದ ಮೇಲೆ ಕಾಲು ಜಾರಿದ ಹಾಗೆ ಒಂದು ಎಳೆತ. ಹನ್ನೊಂದನೇ ಸಾಲಿನಲ್ಲಂತೂ ಮೂರು ಸಲ. ಕಾಲು ಸರಿಯಿದ್ದೂ ಕುಂಟುವವರನ್ನು ನೋಡಿದರೆ ಹೇಗಾಗುತ್ತದೆ, ಹಾಗೆ. ಮಗುವಿನ ತಪ್ಪಲ್ಲ ಇದು, ಯಾರೋ ಕೂತು ಪ್ರೀತಿಯಿಂದ ಕಲಿಸಿದ ರೋಗ. ಅಂಕಪಟ್ಟಿಯಲ್ಲಿ ಹೀಗೆ ಬರೆದೆ: ‘ಕಲಿಸಿದವರ ಕೈಯಲ್ಲೇ ಏನೋ ಐಬಿರಬೇಕು. ಅದನ್ನು ಮುಚ್ಚಿಕೊಳ್ಳಲು ಒಳ್ಳೆಯ ಕೈಯೊಂದನ್ನು ಹಾಳು ಮಾಡಿದ್ದಾರೆ.’ ನೂರಕ್ಕೆ ಹತ್ತೊಂಬತ್ತು ಕೊಟ್ಟೆ.

ಯಾರ ಶಿಷ್ಯ ಎಂದು ಊಹಿಸಲು ಕಷ್ಟವೇನಿಲ್ಲ. ಅದು ನಿಮ್ಮ ಶಾಲೆಯ ಇನ್ನೊಬ್ಬ ಪಿಟೀಲಿನವನ, ಆ ಬೂಟು ಮೇಷ್ಟ್ರ ಕೆಲಸ. ಕಾರಿಡಾರಿನಲ್ಲಿ ಟಕಟಕ ಎಂದು ನಡೆಯುವುದು ಬಿಟ್ಟರೆ ಅವನಿಗೆ ಇನ್ನಾವ ತಾಳವೂ ಬರುವುದಿಲ್ಲ. ನಿನ್ನದು ಒಂಬತ್ತನೆಯ ಸಂಖ್ಯೆ. ಕನ್ನಡಿಯ ಹಾಗೆ ಸ್ವಚ್ಛ. ಎಪ್ಪತ್ತೆಂಟು ಕೊಟ್ಟಿದ್ದೇನೆ. ಪರದೆ ಕಟ್ಟಿ ನನ್ನ ಕಿವಿ ಮುಚ್ಚಬಹುದೆಂದುಕೊಂಡಿದ್ದ ಪ್ರಿನ್ಸಿಪಾಲನಿಗೆ ಇದನ್ನು ಓದಿ ಹೇಳು.

ಅಪ್ಪ


ಮಾರ್ಚ್ 27

ಅಪ್ಪನಿಗೆ,

ಒಂಬತ್ತನೆಯ ಸಂಖ್ಯೆ ಬೂಟು ಮೇಷ್ಟ್ರ ಹುಡುಗ. ಅವರು ನಿಮ್ಮ ಪುಸ್ತಕವನ್ನು ಕಪಾಟಿನ ಗಿಡ್ಡ ಕಾಲಿಗೆ ಒತ್ತು ಕೊಟ್ಟಿದ್ದಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

ನಾಲ್ಕನೆಯ ಸಂಖ್ಯೆ ನನ್ನದು.

ಫಲಿತಾಂಶ ಬಂದಾಯಿತು, ಈಗ ಹೇಳಬಹುದು. ಶಾಲೆಯ ಗೇಟಿನ ಎದುರು ಬೀಗ ರಿಪೇರಿ ಅಂಗಡಿ ಇದೆಯಲ್ಲ, ಅವರ ಮಗಳು. ಎಲ್ಲರೂ ಕೀಲಿ ಎಂದೇ ಕರೆಯುತ್ತಾರೆ. ಏಳು ವರ್ಷದಿಂದ ನನ್ನ ಹತ್ತಿರ ಇದ್ದಾಳೆ. ಅಂಗಡಿಯ ಅರದ ಸದ್ದಿನ ನಡುವೆ ಕೂತು ಶ್ರುತಿ ಹಿಡಿದ ಹುಡುಗಿ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾಳೆ. ನಾನು ಏನು ಹೇಳಿಕೊಟ್ಟೆ ಎಂದು ಕೇಳುತ್ತೀರಾ? ನಿಮ್ಮ ಪುಸ್ತಕ ತೆಗೆಯಿರಿ, ಪುಟ ಇಪ್ಪತ್ಮೂರು, ಹನ್ನೊಂದನೇ ಸಾಲು. ಕಿರುಬೆರಳು ಇಡಬೇಕಾದ ಮೂರೂ ಜಾಗದಲ್ಲಿ ಕೆಂಪು ಶಾಯಿಯಲ್ಲಿ ನಿಮ್ಮ ಅಕ್ಷರ: ‘ಕಿರುಬೆರಳು ಬೇಡ. ಉಂಗುರಬೆರಳನ್ನೇ ಮೇಲಕ್ಕೆ ಜಾರಿಸು. ಇದು ನಮ್ಮ ಪದ್ಧತಿ.’ ಉಳಿದವರೆಲ್ಲ ಅದನ್ನು ಅರ್ಧಂಬರ್ಧ ಪಾಲಿಸುತ್ತಾರೆ. ಅಕ್ಷರಶಃ ಪಾಲಿಸುವ ದಡ್ಡಿ ನಾನೊಬ್ಬಳೇ.

ನೀವು ಆ ಪರದೆಯ ಹಿಂದೆ ಕೇಳಿದ್ದು ನಿಮ್ಮನ್ನೇ, ಅಪ್ಪ. ಹತ್ತೊಂಬತ್ತು ಅಂಕ ಕೊಟ್ಟದ್ದೂ ನಿಮಗೇ.

ಉಳಿದ ಇಬ್ಬರು ಅವಳಿಗೆ ಎಪ್ಪತ್ತರ ಮೇಲೆ ಕೊಟ್ಟಿದ್ದಾರೆ. ಆದರೆ ಮೂವರೂ ತಲಾ ನಲವತ್ತಾದರೂ ಕೊಡದಿದ್ದರೆ ನಪಾಸು. ನಾಲ್ಕೇ ಮಂದಿ ಪಾಸಾಗಿದ್ದಾರೆ, ಐದನೆಯ ಸೀಟು ಖಾಲಿ ಬಿದ್ದಿದೆ. ಮುಂದಿನ ವರ್ಷ ಕೂರೋಣ ಎಂದರೆ ಜುಲೈಗೆ ಅವಳಿಗೆ ಹದಿನಾರು ತುಂಬುತ್ತದೆ, ವಯಸ್ಸು ಮೀರುತ್ತದೆ. ಸೀಟು ಭರ್ತಿ ಮಾಡುವ ಕೊನೆಯ ದಿನ ಏಪ್ರಿಲ್ ಮೂವತ್ತು.

ಪರೀಕ್ಷಕರು ತಮ್ಮ ಅಂಕ ತಿದ್ದಬಹುದು. ನಿಯಮ ನಿಮಗೆ ಗೊತ್ತು, ಬರೆದವರೇ ನೀವು. ತಿದ್ದಿದ ಕಾರಣವನ್ನು ಪರೀಕ್ಷಕರು ಸ್ವಂತ ಕೈಬರಹದಲ್ಲಿ ಬರೆಯಬೇಕು, ಅದನ್ನು ಮೆಟ್ಟಿಲ ಪಕ್ಕದ ಬೋರ್ಡಿಗೆ ಏಳು ದಿನ ಹಚ್ಚಬೇಕು. ಹಿಂದೊಮ್ಮೆ ಕನಿಕರದಿಂದ ನಾಲ್ಕು ಅಂಕ ಹೆಚ್ಚಿಗೆ ಹಾಕಿದ್ದ ಒಬ್ಬ ಹಾಡಿನ ಮೇಷ್ಟ್ರ ಮಾನ ಕಳೆಯಲೆಂದು ನೀವು ತಂದ ನಿಯಮ ಅದು. ಅಂದಿನಿಂದ ಇಂದಿನವರೆಗೆ ಒಬ್ಬರೂ ಅಂಕ ತಿದ್ದಿಲ್ಲ.

ಮಗಳು


ಏಪ್ರಿಲ್ 9

ಮಗಳಿಗೆ,

ನಿನ್ನ ಕಾಗದದ ಧಾಟಿ ನನಗೆ ಹಿಡಿಸಲಿಲ್ಲ. ಅದಿರಲಿ.

ಪದ್ಧತಿ ಬೇರೆ, ಅದನ್ನು ಅಡ್ಡಾದಿಡ್ಡಿ ಮಾಡುವುದು ಬೇರೆ. ನಾನು ಜಾರಿಸುತ್ತಿದ್ದಾಗ ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಿನ್ನ ಹುಡುಗಿ ಮಾಡಿದ್ದು ಜಾರಿಸುವುದಲ್ಲ, ಮುಗ್ಗರಿಸುವುದು. ನೀನು ಅರ್ಥ ಮಾಡಿಕೊಳ್ಳದೆ ಕಲಿಸಿದ್ದೀಯ. ಚಿಕ್ಕಂದಿನಿಂದಲೂ ನಿನ್ನದು ಅದೇ ಚಾಳಿ, ಗಿಣಿಪಾಠ.

ಆದರೂ ಬೀಗದವನ ಮಗಳ ಹೊಟ್ಟೆ ಉರಿಸುವುದು ಬೇಡ. ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ‘ಪರೀಕ್ಷೆಯ ದಿನ ನೆಗಡಿಯಿಂದ ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಪರದೆಯ ಬಟ್ಟೆಯೂ ದಪ್ಪಗಿತ್ತು, ಆದ್ದರಿಂದ ನಾಲ್ಕನೆಯ ಸಂಖ್ಯೆಯ ಅಂಕವನ್ನು ನಲವತ್ತಕ್ಕೆ ಏರಿಸಿದ್ದೇನೆ’ ಎಂದಿದೆ. ನನ್ನ ಕೈಬರಹವೇ. ಪ್ರಿನ್ಸಿಪಾಲನಿಗೆ ಕೊಡು, ಹಚ್ಚಿಕೊಳ್ಳಲಿ. ಅವನಿಗೆ ಕಾರಣ ಬೇಕಿಲ್ಲ, ಕಾಗದ ಬೇಕು.

ಅಪ್ಪ


ಏಪ್ರಿಲ್ 13

ಅಪ್ಪನಿಗೆ,

ಚೀಟಿ ವಾಪಸು ಕಳಿಸಿದ್ದೇನೆ. ನಿಮಗೆ ನೆಗಡಿ ಇರಲಿಲ್ಲ. ಇದ್ದಿದ್ದರೆ ಒಂಬತ್ತನೆಯ ಸಂಖ್ಯೆ ಕನ್ನಡಿಯಂತೆ ಕೇಳುತ್ತಿರಲಿಲ್ಲ. ಹೀಗೆ ತಿಪ್ಪೆ ಸಾರಿಸಿ ಕೊಡಿಸಿದ ಸೀಟಿಗೆ ಅವಳು ಹೋದರೆ ಅಲ್ಲೂ ಕುಂಟುತ್ತಲೇ ಇರುತ್ತಾಳೆ. ಕಿವಿ ಮಂದವಾಗಿ ನಪಾಸು ಮಾಡಿದರಂತೆ, ಅಂದರೆ ಬೆರಳು ಜಾರಿಸುವುದು ಸರಿ ಎಂದೇ ಅವಳ ಲೆಕ್ಕ.

ನೀವು ಜಾರಿಸಿದರೆ ಜನ ತಲೆದೂಗುತ್ತಿದ್ದರು ಎಂದಿರಿ. ಲೈಬ್ರರಿಯಲ್ಲಿ ನಿಮ್ಮ ಹಳೆಯ ಕಚೇರಿಯ ಟೇಪು ಇದೆ, ಅದೇ ರಚನೆ. ನಾನು, ಕೀಲಿ ಇಬ್ಬರೂ ಯಂತ್ರಕ್ಕೆ ಬೆನ್ನು ಮಾಡಿ ಕೂತು ಕೇಳಿದೆವು. ನುಡಿಸುತ್ತಿರುವುದು ಯಾರು ಎಂದು ಅವಳಿಗೆ ಹೇಳಿರಲಿಲ್ಲ. ಐದು ನಿಮಿಷ ಬೆರಳು ಮಡಚುತ್ತಾ ಕೇಳಿದಳು. ಆಮೇಲೆ “ಇದು ನಾನೇ ಅಲ್ವಾ ಮಿಸ್?” ಎಂದಳು. ಜಾರುವ ಸದ್ದನ್ನು ಬೆರಳಲ್ಲಿ ಎಣಿಸಿದ್ದಳು, ಹದಿನೇಳು ಸಲ. ತಲೆದೂಗಿದವರು ನಿಮ್ಮ ಮುಖ ನೋಡಿ ತಲೆದೂಗಿದರು, ಅಪ್ಪ. ನಿಮ್ಮ ಕೈ ಕಾಣದಿದ್ದಾಗ ನಿಮಗೇ ತಲೆದೂಗಲು ಆಗಲಿಲ್ಲ.

ಈಗ ಆ ಹಳೆಯ ಪ್ರಶ್ನೆ ಕೇಳುತ್ತೇನೆ. ನನ್ನ ಕೊನೆಯ ಪರೀಕ್ಷೆಗೆ ಒಂದು ವಾರ ಮೊದಲು, ಒಬ್ಬಳೇ ಅಭ್ಯಾಸ ಮಾಡುತ್ತಿದ್ದಾಗ, ಹನ್ನೊಂದನೇ ಸಾಲಿನಲ್ಲಿ ನನ್ನ ಕಿರುಬೆರಳು ತಾನಾಗಿಯೇ ಹೋಗಿ ತಂತಿಯ ಮೇಲೆ ಕೂತಿತು. ಸ್ವರ ನೆಟ್ಟಗೆ ಬಂತು, ಎಳೆತವಿಲ್ಲ. ನಿಮಗೆ ಹೇಳಲಿಲ್ಲ. ಅಂದು ಸಭೆಯಲ್ಲಿ ಹಾಗೇ ನುಡಿಸಿದೆ. ಮೊದಲನೆಯ ಸಲ ಬೆರಳು ಇಟ್ಟೆ, ನೀವು ‘ಸಾಕು’ ಎಂದಿರಿ. ಶ್ರುತಿ ತಪ್ಪಿತು ಎಂದುಕೊಂಡೆ. ನನ್ನ ಕೈಗೆ ಆ ಬೆರಳು ಒಗ್ಗುವುದಿಲ್ಲ, ಅಪ್ಪ ಹೇಳಿದ್ದೇ ಸರಿ ಎಂದುಕೊಂಡೆ. ಎಷ್ಟು ಗಟ್ಟಿಯಾಗಿ ಅಂದುಕೊಂಡೆ ಎಂದರೆ, ಏಳು ವರ್ಷ ಕೀಲಿಯ ಕಿರುಬೆರಳು ತಂತಿಯ ಕಡೆ ಹೋದಾಗಲೆಲ್ಲ ಪೆನ್ಸಿಲಿನಿಂದ ತಟ್ಟಿದ್ದೇನೆ. ಎಂಟು ವರ್ಷದ ಮಗುವಿನ ಬೆರಳಿಗೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ನಿಮ್ಮ ಮೇಲೂ.

ಕಡ್ಡಿ ಮುರಿದ ಹಾಗೆ ಹೇಳಿ. ಅಂದು ನನ್ನ ಸ್ವರ ತಪ್ಪಾಗಿತ್ತೋ, ಸರಿಯಾಗಿತ್ತೋ?

ಮಗಳು


ಏಪ್ರಿಲ್ 24

ಮಗಳಿಗೆ,

ಸರಿಯಾಗಿತ್ತು.

ಈ ಒಂದು ಪದ ಬರೆಯಲು ಹತ್ತು ದಿನ ಹಿಡಿಯಿತು. ಬೇರೆಯವರ ತಪ್ಪು ಬರೆಯಲು ನನಗೆ ಹತ್ತು ಸೆಕೆಂಡು ಸಾಕಾಗುತ್ತಿತ್ತು.

ಸಾಧನೆಯಿಂದ ಬಾಗಿದ ಬೆರಳಂತೆ. ಅದನ್ನು ನಂಬಿದವರ ಬುದ್ಧಿಗೆ ಏನು ಹೇಳಲಿ. ಸಾಧನೆಯಿಂದ ಬೆರಳು ಬಾಗುವುದಾದರೆ ಬಡಗಿಗಳಿಗೆಲ್ಲ ಕೈ ಗಂಟುಬೀಳಬೇಕಿತ್ತು. ಮೂವತ್ತೈದು ವರ್ಷದಲ್ಲಿ ಒಬ್ಬನೇ ಒಬ್ಬ, ಸುಳ್ಳು ಬಿಡಬೇಡಿ ಮೇಷ್ಟ್ರೇ ಎನ್ನಲಿಲ್ಲ. ನಿನ್ನ ಅಮ್ಮನಿಗೆ ಗೊತ್ತಿತ್ತು. ಮಗಳಿಗೆ ಹೇಳಕೂಡದು ಎಂದಿದ್ದೆ. ಅವಳು ಹೇಳದೆಯೇ ಹೋದಳು.

ನನಗೆ ಹತ್ತೊಂಬತ್ತು ವರ್ಷ. ಅದೇ ಶಾಲೆ, ಅದೇ ಏಳನೇ ಕೋಣೆ, ಮಧ್ಯಾಹ್ನ. ನನ್ನ ಜೊತೆಯವನೊಬ್ಬ, ಹಲ್ಲುಬ್ಬ ಎಂದು ಕರೆಯುತ್ತಿದ್ದೆವು, ಒಳಗೆ ಅದೇ ರಚನೆ ನುಡಿಸುತ್ತಿದ್ದ. ನಾನು ಕೋಣೆಗಾಗಿ ಹೊರಗೆ ಕಾಯುತ್ತಿದ್ದೆ. ಅವನು ಕೆಟ್ಟದಾಗಿ ನುಡಿಸುತ್ತಿದ್ದ, ನನಗೆ ತಡೆಯಲಾಗಲಿಲ್ಲ ಎಂದು ಐವತ್ತೊಂದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವನು ಚೆನ್ನಾಗಿ ನುಡಿಸುತ್ತಿದ್ದ. ನನಗಿಂತ ಚೆನ್ನಾಗಿ. ನಾನು ಒಳಗೆ ತಲೆಹಾಕಿ “ಸಾಕು ನಿಲ್ಸೋ” ಎಂದು ಕಿರುಚಿ, ಬಲಗೈಯಿಂದ ಬಾಗಿಲನ್ನು ಜೋರಾಗಿ ಎಳೆದೆ. ಎಡಗೈ ಚೌಕಟ್ಟಿನ ಮೇಲಿತ್ತು. ಆ ಬಾಗಿಲು ಕೊನೆಗೆ ಬಡಿಯುತ್ತದೆ ಎಂದು ನೀನೇ ಬರೆದಿದ್ದೀಯಲ್ಲ.

ಡಾಕ್ಟರಿಗೆ ಮೆಟ್ಟಿಲಿಂದ ಬಿದ್ದೆ ಎಂದೆ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಹಲ್ಲುಬ್ಬ ಯಾರಿಗೂ ಬಾಯಿ ಬಿಡಲಿಲ್ಲ, ನನ್ನ ಮಾನ ಉಳಿಸಿದ. ಅದಕ್ಕೂ ಅವನ ಮೇಲೆ ನನಗೆ ಸಿಟ್ಟಿತ್ತು. ಆ ಬೆರಳಿಲ್ಲದೆ ಹೇಗೆ ಹೋಗುವುದೆಂದು ಸುತ್ತುದಾರಿಗಳನ್ನು ಹುಡುಕಿಕೊಂಡೆ. ಒಬ್ಬ ಪತ್ರಿಕೆಯವನು ಅದನ್ನು ಹೊಸ ಪದ್ಧತಿ ಎಂದು ಬರೆದ. ಅವನಿಗೆ ಸಂಗೀತದ ಗಂಧವಿರಲಿಲ್ಲ, ಆದರೆ ಮಾತು ನನಗೆ ಉಪಯೋಗಕ್ಕೆ ಬಂತು. ಐಬಿಗೆ ಪದ್ಧತಿ ಎಂದು ಹೆಸರಿಟ್ಟು, ಸರಿಯಾದ ಕೈಗಳಿಗೆಲ್ಲ ಕಲಿಸಿದೆ. ಎಲ್ಲರೂ ಕುಂಟಿದರೆ ನಾನು ಕುಂಟುವುದು ಕಾಣುವುದಿಲ್ಲ. ಹಾಗೆ ಯೋಚಿಸಿಯೇ ಮಾಡಿದೆ ಎಂದಲ್ಲ. ಯೋಚಿಸದೆ ಮಾಡಿದೆ, ಅದು ಇನ್ನೂ ಕೀಳು.

ಅಂದು ಸಭೆಯಲ್ಲಿ ನೀನು ಕಿರುಬೆರಳು ಇಟ್ಟೆ. ಆ ಸ್ವರ ಅಷ್ಟು ನೆಟ್ಟಗೆ ನನ್ನ ಕೈಯಿಂದ ಎಂದೂ ಬಂದಿರಲಿಲ್ಲ. ಏಳನೇ ಕೋಣೆಯ ಹೊರಗೆ ನಿಂತಿದ್ದವನೇ ಮತ್ತೆ ನಿಂತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಸ್ವಂತ ಮಗಳ ಮೇಲೆ. ‘ಸಾಕು’ ಎಂದೆ. ನೀನು ಕಮಾನು ಇಳಿಸಿ, ನನ್ನ ಕಡೆ ನೋಡಿ, ತಪ್ಪಾಯಿತು ಎನ್ನುವಂತೆ ತಲೆ ಬಗ್ಗಿಸಿದೆ. ಅದನ್ನು ಸರಿಪಡಿಸಲು ಹದಿನಾಲ್ಕು ವರ್ಷದ ಒಂದೊಂದು ದಿನವೂ ಸಮಯವಿತ್ತು. ಮಾಡಲಿಲ್ಲ. ನಿನ್ನ ಅಸಹ್ಯ ನ್ಯಾಯವಾದದ್ದು, ಅದರಲ್ಲಿ ನನ್ನ ಪಾಲೂ ಸೇರಿಸಿಕೋ.

ಬೋರ್ಡಿಗೆ ಹಚ್ಚಬೇಕಾದದ್ದು ಇದರ ಜೊತೆಗಿದೆ. ನೀನು ಮೊದಲು ಓದಲಿ ಎಂದು ಇಲ್ಲೂ ಬರೆಯುತ್ತೇನೆ.

‘ನಾಲ್ಕನೆಯ ಸಂಖ್ಯೆಗೆ ನಾನು ಕೊಟ್ಟ ಹತ್ತೊಂಬತ್ತು ಅಂಕವನ್ನು ಎಪ್ಪತ್ತೈದಕ್ಕೆ ತಿದ್ದಿದ್ದೇನೆ. ಕಾರಣ: ಆ ಮಗುವಿನ ಎಡಗೈಯಲ್ಲಿ ನಾನು ಕಂಡ ದೋಷ ನನ್ನದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇನ್ನೊಬ್ಬ ವಿದ್ಯಾರ್ಥಿಯ ಮೇಲಿನ ಅಸೂಯೆಯಿಂದ ಏಳನೇ ಕೋಣೆಯ ಬಾಗಿಲು ಬಡಿದು ನನ್ನ ಕಿರುಬೆರಳನ್ನು ನಾನೇ ಮುರಿದುಕೊಂಡೆ. ಅದನ್ನು ಸಾಧನೆ ಎಂದು ಸುಳ್ಳು ಹೇಳಿದೆ. ಬೆರಳಿನ ಪುಸ್ತಕ ಆ ಸುಳ್ಳಿನ ಮೇಲೆ ಬರೆದದ್ದು. ಬೆರಳು ಸರಿಯಿರುವವರು ಯಾರೂ ಅದನ್ನು ಅನುಸರಿಸಬಾರದು.’

ಬೂಟು ಮೇಷ್ಟ್ರು ಓದಿ ಕುಣಿಯಲಿ. ಕಪಾಟಿಗೆ ಒತ್ತು ಕೊಟ್ಟದ್ದೇ ಆ ಪುಸ್ತಕದ ಸರಿಯಾದ ಉಪಯೋಗ.

ಅಪ್ಪ


ಮೇ 8

ಅಪ್ಪನಿಗೆ,

ಕಾಗದ ಇಪ್ಪತ್ತೆಂಟಕ್ಕೆ ತಲುಪಿತು. ಅಂದೇ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಎರಡು ಸಲ ಓದಿದರು, ಕನ್ನಡಕ ಒರೆಸಿದರು. “ದೊಡ್ಡವರು, ವಿನಯಕ್ಕೆ ಹೀಗೆಲ್ಲ ಬರೀತಾರಮ್ಮ” ಎಂದರು. ವೈಯಕ್ತಿಕ ಕಾರಣಗಳಿಂದ ಎಂದು ಟೈಪು ಮಾಡಿ ಹಚ್ಚೋಣ, ಶಾಲೆಯ ಪರಂಪರೆಯ ಪ್ರಶ್ನೆ ಎಂದರು. ನಾನು ನಿಯಮದ ಪುಸ್ತಕ ತೆಗೆದು ‘ಸ್ವಂತ ಕೈಬರಹದಲ್ಲಿ’ ಎಂಬ ಸಾಲಿನ ಮೇಲೆ ಬೆರಳಿಟ್ಟೆ. ಕಿರುಬೆರಳನ್ನೇ ಇಟ್ಟೆ, ಅವರಿಗೆ ಗೊತ್ತಾಗಲಿಲ್ಲ. ಇಪ್ಪತ್ತೊಂಬತ್ತರ ಬೆಳಿಗ್ಗೆ ಗುಮಾಸ್ತ ಬೋರ್ಡಿಗೆ ಹಚ್ಚಿದ. ಮೂವತ್ತಕ್ಕೆ ಐದನೆಯ ಸೀಟಿನಲ್ಲಿ ಕೀಲಿಯ ಹೆಸರು ಬರೆದರು.

ಏಳು ದಿನ ಮೆಟ್ಟಿಲ ಹತ್ತಿರ ಸಂತೆ. ನಿಮಗೆ ಸುಳ್ಳು ಹೇಳುವುದಿಲ್ಲ, ನಕ್ಕರು. ಬೂಟು ಮೇಷ್ಟ್ರು ಫೋಟೊ ತೆಗೆದುಕೊಂಡು ಕಂಡವರಿಗೆಲ್ಲ ತೋರಿಸಿದರು. “ಬಾಗಿಲಿಗೆ ಸಿಕ್ಕಿದ ಬೆರಳಿಗೆ ಇಷ್ಟು ವರ್ಷ ಕೈ ಮುಗಿದ್ವಲ್ರೀ” ಎಂದು ನಿಮ್ಮ ಹಳೆಯ ಶಿಷ್ಯರೊಬ್ಬರು ನನ್ನ ಎದುರಿಗೇ ಹೇಳಿದರು. ನಿಮ್ಮ ಪರ ಒಂದು ಮಾತಾಡಬೇಕು ಎನ್ನಿಸಲಿಲ್ಲ. ಫೋಟೊದ ಕೆಳಗೆ ಯಾರೋ ಬಾಗಿಲಿನ ಚಿತ್ರ ಬರೆದಿದ್ದಾರೆ. ರಬ್ಬರ್ ಬ್ಯಾಂಡಿನ ಹುಡುಗರು ಮಾತ್ರ ಬಂದು, “ಮಿಸ್, ಹಾಗಾದ್ರೆ ನಮ್ಮ ಬೆರಳು ಚೆನ್ನಾಗೇ ಇದ್ಯಾ?” ಎಂದು ಕೇಳಿ ಹೋದರು.

ಬೀಗದವರು ಮಗಳ ಕೈಯಲ್ಲಿ ಸಿಹಿ ಕಳಿಸಲಿಲ್ಲ. ಬೋರ್ಡು ಓದಿದವರೇ ಅಂಗಡಿಗೆ ಹೋಗಿ ಚೀಲ ತಂದು, ಏಳನೇ ಕೋಣೆಯ ಬಾಗಿಲ ಮುಂದೆ ಮಂಡಿಯೂರಿ ಕೂತರು. ತಿರುಗಣಿ ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿ, ಚೌಕಟ್ಟಿಗೆ ಎರಡು ರಬ್ಬರ್ ತುಂಡು ಕೂರಿಸಿದರು. ಮಕ್ಕಳು ಓಡಾಡುವ ಜಾಗದಲ್ಲಿ ಇಂಥಾ ಬಾಗಿಲು ಇಟ್ಕೊಂಡಿದ್ರಲ್ಲ ಎಂದು ಶಾಲೆಗೆಲ್ಲ ಸೇರಿಸಿ ಬೈದರು. ಈಗ ಮೆತ್ತಗೆ ಮುಚ್ಚುತ್ತದೆ.

ಕೀಲಿಗೆ ಹನ್ನೊಂದನೇ ಸಾಲನ್ನು ಮೊದಲಿನಿಂದ ಹೇಳಿಕೊಡುತ್ತಿದ್ದೇನೆ. ಕಿರುಬೆರಳು ಸೋಮಾರಿಯಾಗಿದೆ, ಹತ್ತಕ್ಕೆ ನಾಲ್ಕು ಸಲ ಮಾತು ಕೇಳುತ್ತದೆ. ನನ್ನದೂ ಅಷ್ಟೇ. ಅವಳ ಬೆರಳಿಗೆ ಪೆನ್ಸಿಲಿನಿಂದ ತಟ್ಟಿದ್ದಕ್ಕೆ ಅವಳ ಹತ್ತಿರ ಕ್ಷಮೆ ಕೇಳಿದೆ. ಪರವಾಗಿಲ್ಲ ಮಿಸ್ ಎಂದಳು. ಅಷ್ಟು ಸುಲಭವಾಗಿ ಅನ್ನಲು ನನಗೆ ಬರುವುದಿಲ್ಲ. ನಿಮ್ಮನ್ನು ನಾನು ಕ್ಷಮಿಸಿಲ್ಲ, ಅಪ್ಪ. ರಜೆಗೆ ನಿಮ್ಮಲ್ಲಿಗೆ ಬರಬಹುದು, ಬಾರದೆಯೂ ಇರಬಹುದು.

ಇನ್ನೊಂದು ಮಾತಿದೆ, ಅದಕ್ಕೇ ಈ ಕಾಗದ. ಬೋರ್ಡಿನ ಮುಂದೆ ಎಲ್ಲರೂ ಓದಿ ನಕ್ಕರು ಎಂದೆನಲ್ಲ, ಕೀಲಿ ಕೊನೆಯ ದಿನ ಓದಿದಳು, ನಿಧಾನವಾಗಿ. ಓದಿ ನನ್ನ ಕೋಣೆಗೆ ಬಂದು, “ಈಗ್ಲೂ ನೋಯತ್ತಾ ಮಿಸ್ ಅವ್ರಿಗೆ?” ಎಂದಳು. ನನಗೆ ಗೊತ್ತಿಲ್ಲ ಎಂದೆ. ಮೂವತ್ತಾರು ವರ್ಷದಿಂದ ನಿಮ್ಮ ಮಗಳು ನಾನು, ನನಗೆ ಗೊತ್ತಿಲ್ಲ. ಆ ಬೆರಳನ್ನು ಫೋಟೊದಲ್ಲಿ ನೋಡಿದ್ದೇನೆ, ತಂತಿಯ ಮೇಲೆ ನೋಡಿದ್ದೇನೆ, ಒಂದು ಸಲವೂ ಮುಟ್ಟಿಲ್ಲ.

ನೋಯುತ್ತದೆಯೇ?

ಮಗಳು


ಮೇ 12

ಮಗಳಿಗೆ,

ಚಳಿಗೆ ನೋಯುತ್ತದೆ. ಇಡೀ ಕೈ ಮರಗಟ್ಟಿ ಬಲತೋಳಿನ ಗುಂಡಿ ಹಾಕಲು ಆಗುವುದಿಲ್ಲ. ನಿನ್ನ ಅಮ್ಮ ಹಾಕಿಕೊಡುತ್ತಿದ್ದಳು. ಅವಳು ಹೋದ ಮೇಲೆ ತೋಳು ಮಡಚಿಕೊಂಡು ಓಡಾಡುತ್ತೇನೆ. ಅದನ್ನೂ ಒಂದು ಶೈಲಿ ಎಂದುಕೊಂಡು ನಕಲು ಮಾಡುವ ಮೂರ್ಖರು ಇಲ್ಲಿ ಇಬ್ಬರಿದ್ದಾರೆ.

ಆ ಹುಡುಗಿಗೆ ಹೇಳು, ಇದನ್ನು ಕೇಳಿದವಳು ಅವಳೊಬ್ಬಳೇ ಎಂದು. ಫೋಟೊ ಇಳಿಸಲು ಪ್ರಿನ್ಸಿಪಾಲನಿಗೆ ಬರೆದಿದ್ದೇನೆ. ಬಾಗಿಲಿನ ಚಿತ್ರ ಬರೆದವನಿಗೆ ಕೈಯಿದೆ, ಚಿತ್ರಕಲೆಗೆ ಸೇರಿಸಿ.

ರಜೆಗೆ ಬರುವುದೂ ಬಿಡುವುದೂ ನಿನ್ನ ಇಷ್ಟ. ಬಂದರೆ ಪಿಟೀಲು ತಾ. ಹನ್ನೊಂದನೇ ಸಾಲಿನಿಂದ ಶುರು ಮಾಡು. ಮುಗಿಯುವವರೆಗೆ ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.

ಅಪ್ಪ